ಕುಡಿತ ಬಿಡಿಸೋರ ಸುಸ್ತು ಕೇಳೋರು ಯಾರು?

ಜಾತ್ರೆ, ಹಬ್ಬ, ಸಂಬಳದ ವಾರ ಅಂದರೆ ಪೇಟೆಗೆ ವ್ಯಾಪಾರದ ದಿನಗಳು. ವ್ಯಸನಮುಕ್ತಿ ಕೇಂದ್ರದ ಆಪ್ತ ಸಮಾಲೋಚಕರಿಗೆ ಮಾತ್ರ ಅವು ಫೋನ್ ಕೆಳಗಿಡೋಕೆ ಆಗದ ದಿನಗಳು. 'ಸಾರ್, ನಮ್ಮನೆಯವ್ರು ಮತ್ತೆ ಶುರು ಮಾಡಿದ್ರು' ಅನ್ನೋ ಕರೆ ಬರೋದು ರಾತ್ರಿ ಹತ್ತರ ಮೇಲೆ. ಆ ಕಡೆ ಹೆಣ್ಣುಮಗಳು ಅಳುತ್ತಿದ್ದರೆ ಫೋನ್ ಇಡೋಕೂ ಆಗಲ್ಲ, ಬೆಳಿಗ್ಗೆ ಡ್ಯೂಟಿ ತಪ್ಪಿಸೋಕೂ ಆಗಲ್ಲ.

ಕುಡಿಯುವವರ ಪಾಡು ಊರಿಗೇ ಗೊತ್ತು. ಬಿಡಿಸಲು ಕೂತವರ ಪಾಡು ಸುದ್ದಿಯಾಗುವುದಿಲ್ಲ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ ಎಂಬುದು ಅದರ ಲೆಕ್ಕ. ಬಾಗಿಲು ಇಷ್ಟು ಕಿರಿದಾದರೆ ಬಾಗಿಲಲ್ಲಿ ನಿಂತವರ ಮೇಲೆ ಎಷ್ಟು ನೂಕುನುಗ್ಗಲು ಬೀಳಬಹುದು, ಯೋಚಿಸಿ. ಸಂಘ-ಸಂಸ್ಥೆಗಳು ನಡೆಸುವ ಕೇಂದ್ರಗಳಲ್ಲಿ ಅನುದಾನ ತಡವಾದರೆ ಸಂಬಳವೂ ತಡ.

ಹಣಕ್ಕಿಂತ ಹೆಚ್ಚು ಕುಗ್ಗಿಸೋದು ಇನ್ನೊಂದಿದೆ. ವ್ಯಸನ ಮರುಕಳಿಸುವ ಕಾಯಿಲೆ. ಶುಗರ್, ಬಿಪಿ ಏರಿದರೆ ಯಾರೂ ಡಾಕ್ಟರ್ ಕಾಲರ್ ಹಿಡಿಯಲ್ಲ. ಇಲ್ಲಿ ಮಾತ್ರ 'ಇಷ್ಟು ದುಡ್ಡು ಕಟ್ಟಿದ್ವಿ, ನೀವೇನ್ ಮಾಡಿದ್ರಿ?' ಅಂತ ಜಗಳಕ್ಕೇ ಬರ್ತಾರೆ. ಹತ್ತು ಸಲ ಹಾಗೆ ಕೇಳಿಸಿಕೊಂಡವರಿಗೆ ತಪ್ಪು ತಮ್ಮದೇ ಅನಿಸತೊಡಗುತ್ತದೆ. ಆಮೇಲೆ 'ಇವ್ರು ಸುಧಾರಿಸಲ್ಲ ಬಿಡಿ' ಅನ್ನೋ ಮಾತು ಬಾಯಿಗೆ ಬರುತ್ತೆ. ಅದು ಸೊಕ್ಕಲ್ಲ, ದಣಿವಿನ ಗುರುತು. ಆದರೆ ಅದರ ಪೆಟ್ಟು ಮೊದಲು ತಾಗೋದು ಎದುರು ಕೂತ ರೋಗಿಗೇ.

ಚಿಕ್ಕ ಊರಿನ ಫಜೀತಿಯೇ ಬೇರೆ. ಕೆಲಸದ ಹುಡುಗನನ್ನು ಕೇಂದ್ರಕ್ಕೆ ಸೇರಿಸಿದ ಅಂಗಡಿ ಮಾಲೀಕರು ಸಂತೆಯಲ್ಲಿ ಸಿಕ್ಕಾಗ 'ಹೆಂಗಿದಾನೆ, ಏನೇನ್ ಹೇಳ್ದ?' ಅಂತ ಕೇಳ್ತಾರೆ. ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ವ್ಯಸನವೂ ಸೇರಿದೆ, ರೋಗಿಯ ಗುಟ್ಟು ಕಾಯುವುದು ಅದರ 23ನೇ ಕಲಂ. ಹೇಳದಿದ್ದರೆ ಮಾಲೀಕರಿಗೆ ಬೇಜಾರು. ಸಮಾಲೋಚಕರ ಮನೆ ದಿನಸಿ ಸಾಲದ ಪುಸ್ತಕ ಅದೇ ಅಂಗಡಿಯಲ್ಲಿದ್ದರಂತೂ ಕೇಳೋದೇ ಬೇಡ.

ಹಿಂದೆ ತಾವೇ ಕುಡಿದು, ಬಿಟ್ಟು, ಈಗ ಇತರರಿಗೆ ದಾರಿ ತೋರಿಸುವವರೂ ಈ ಕೆಲಸದಲ್ಲಿದ್ದಾರೆ. ರೋಗಿಯ ಸುಳ್ಳು ಅವರಿಗೆ ಥಟ್ಟನೆ ತಿಳಿಯುತ್ತೆ. ಆದರೆ ದಿನವಿಡೀ ಅದೇ ಕಥೆ ಕೇಳಿದರೆ ಹಳೇ ಗಾಯ ಕೆದಕಿದಂತೆ. ದಣಿವು ಇವರನ್ನು ಮತ್ತೆ ಬಾಟಲಿಯತ್ತ ತಳ್ಳುವ ಅಪಾಯವೂ ಇದೆ.

ಹಾಗಾದರೆ ತಡೆದುಕೊಳ್ಳೋದು ಹೇಗೆ? ವರ್ಷಕ್ಕೊಮ್ಮೆ ಯೋಗ ಶಿಬಿರ ಮಾಡಿಸಿ ಫೋಟೋ ಹಾಕಿದರೆ ಸಾಲದು. ವಾರಕ್ಕೊಮ್ಮೆಯಾದರೂ ಹಿರಿಯರೊಬ್ಬರ ಮುಂದೆ ಕಷ್ಟದ ಕೇಸುಗಳನ್ನು ಬಿಚ್ಚಿಡೋ ಅವಕಾಶ ಬೇಕು. ರಾತ್ರಿ ಫೋನ್ ಸರದಿ ಪ್ರಕಾರ ಹಂಚಿಕೆಯಾಗಬೇಕು. ವಾರದ ರಜೆಯ ದಿನ ಕರೆ ಬರಬಾರದು. ಎರಡನೇ ಕೈಯೇ ಇಲ್ಲದ ಕೇಂದ್ರದಲ್ಲಿ ಸರದಿ ಯಾರ ಜತೆ ಮಾಡೋದು ಅನ್ನೋ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅನುದಾನ ಕೊಡುವವರು ಮತ್ತು ಆಡಳಿತ ಮಂಡಳಿಯವರು.

ಮನೆಯವರೂ ಹೊರೆ ಇಳಿಸಬಹುದು. ದಿನಾ ಕುಡಿಯುವವರು ಏಕಾಏಕಿ ನಿಲ್ಲಿಸಿ, ಎರಡು-ಮೂರು ದಿನದೊಳಗೆ ಫಿಟ್ಸ್ ಬಂದರೆ, ಇಲ್ಲದ್ದು ಕಂಡಂತೆ ಬಡಬಡಿಸಿದರೆ ಅದು ಸಮಾಲೋಚಕರ ಕೆಲಸವಲ್ಲ. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ಜೀವಕ್ಕೇ ಅಪಾಯ. ವ್ಯಸನದ ಬಗ್ಗೆ ಸಲಹೆಗೆ 14446 ಸಹಾಯವಾಣಿ ಇದೆ. ಹಗಲು-ರಾತ್ರಿ ಕನ್ನಡದಲ್ಲೇ ಮಾತಾಡೋಕೆ ಟೆಲಿ ಮನಸ್ 14416 ಇದೆ, ದುಡ್ಡು ಕೊಡಬೇಕಿಲ್ಲ. ಆ ನಂಬರಿಗೆ ಸಮಾಲೋಚಕರೂ ತಮ್ಮ ಕಷ್ಟ ಹೇಳಿಕೊಳ್ಳಲು ಫೋನ್ ಮಾಡಬಹುದು.