ಉಗಿಯ ಚಕ್ರಕ್ಕೆ ಬೀಗ ಹಾಕಲಾಗದು

ಗಿರಣಿಯಲ್ಲಿ ಮಗ್ಗ ಓಡುವುದಕ್ಕೂ ಕಿರಾಣಿ ಅಂಗಡಿಯಲ್ಲಿ ದೀಪ ಉರಿಯುವುದಕ್ಕೂ ಎಲ್ಲಿಯೋ ಒಂದು ಚಕ್ರ ತಿರುಗುತ್ತಿರಬೇಕು. ಕೃಷ್ಣೆಯ ದಡದಲ್ಲಿ, ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ೧೯೮೫ರಿಂದ ಅಂಥ ಚಕ್ರಗಳು ನಮಗಾಗಿ ತಿರುಗಿವೆ. ೨೧೦ ಮೆಗಾವಾಟಿನ ಏಳು ಘಟಕಗಳನ್ನೂ ೨೫೦ ಮೆಗಾವಾಟಿನ ಒಂದು ಘಟಕವನ್ನೂ ಅಲ್ಲಿ ಕಟ್ಟಿದ್ದು ಸರ್ಕಾರದ ನಿಗಮ. ಸರ್ಕಾರದ್ದೆಂದರೆ ಜನರದ್ದು.

ಕಲ್ಲಿದ್ದಲಿನ ಬೆಂಕಿಯಿಂದ ನೀರು ಉಗಿಯಾಗುತ್ತದೆ. ೫೦೦ ಡಿಗ್ರಿ ದಾಟಿದ ಆ ಉಗಿ ಟರ್ಬೈನಿನ ಅಲಗುಗಳಿಗೆ ನುಗ್ಗಿ ಅಚ್ಚನ್ನು ತಿರುಗಿಸುತ್ತದೆ. ಅದೇ ಅಚ್ಚಿಗೆ ಜೋಡಿಸಿದ ಜನರೇಟರು ನಿಮಿಷಕ್ಕೆ ೩೦೦೦ ಸುತ್ತು ತಿರುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಒಂದು ಘಟಕ ಪೂರ್ಣ ಬಲದಲ್ಲಿ ದಿನವಿಡೀ ನಡೆದರೆ ಮೂರು ಸಾವಿರ ಟನ್ನಿನಷ್ಟು ಕಲ್ಲಿದ್ದಲನ್ನು ನುಂಗುತ್ತದೆ.

ಈಗ ಕಾಲ ಬದಲಾಗಿದೆ. ಪಾವಗಡದ ಸೌರ ಪಾರ್ಕ್ ೨೦೧೮ರಲ್ಲಿ ಉದ್ಘಾಟನೆಯಾಯಿತು. ಹಗಲು ಬಿಸಿಲಿನ ವಿದ್ಯುತ್ತು ಬರುತ್ತದೆ. ಅದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಸಂಜೆ ಸೂರ್ಯ ಮುಳುಗಿದೊಡನೆ ಮತ್ತೆ ಉಗಿಯ ಚಕ್ರವೇ ಬೇಕು. ಹಗಲು ತಗ್ಗಿಸು, ರಾತ್ರಿ ಏರಿಸು, ಬೇಡವಾದಾಗ ನಿಲ್ಲಿಸು ಎಂಬುದು ಇಂದಿನ ಅಪ್ಪಣೆ. ಚಕ್ರ ಕಡಿಮೆ ತಿರುಗಿದರೆ ಆಳುಗಳೂ ಕಡಿಮೆ ಸಾಕು, ಉಳಿದುದನ್ನು ಗುತ್ತಿಗೆದಾರ ನೋಡಿಕೊಳ್ಳಲಿ ಎಂದು ಯಾರಾದರೂ ಲೆಕ್ಕ ಹಾಕಿದರೆ ಆ ಲೆಕ್ಕ ತಪ್ಪು.

ಏಕೆಂದರೆ ಟರ್ಬೈನು ಅಂಗಡಿಯಲ್ಲ. ಬಾಗಿಲೆಳೆದು ಬೀಗ ಹಾಕಿ ಮನೆಗೆ ಹೋಗುವಂತಿಲ್ಲ. ಉಗಿ ನಿಂತ ಮೇಲೂ ಕಾದ ಅಚ್ಚನ್ನು ಆರುವವರೆಗೆ ಮೆಲ್ಲಗೆ ತಿರುಗಿಸುತ್ತಲೇ ಇರಬೇಕು. ಇಲ್ಲದಿದ್ದರೆ ಟನ್ನುಗಟ್ಟಲೆ ತೂಕದ ಆ ಉಕ್ಕು ಬಾಗುತ್ತದೆ. ಪ್ರತಿ ಸಲ ಶುರುಮಾಡುವಾಗ ಲೋಹ ಹಿಗ್ಗುತ್ತದೆ, ನಿಲ್ಲಿಸಿದಾಗ ಕುಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಕೊನೆಗೆ ಬಿರುಕು ಬಿಡುತ್ತದೆ. ಬೇರಿಂಗಿನ ಎಣ್ಣೆಯನ್ನೂ ಅಚ್ಚಿನ ನಡುಕವನ್ನೂ ಗಮನಿಸುವ ಕಣ್ಣು ಕಿವಿಗಳು ವರ್ಷಗಟ್ಟಲೆ ಪಳಗಿರಬೇಕು. ಆರು ತಿಂಗಳಿಗೊಮ್ಮೆ ಬದಲಾಗುವ ಗುತ್ತಿಗೆಯಾಳಿಗೆ ಆ ಪಳಗುವಿಕೆ ಎಲ್ಲಿಂದ ಬರಬೇಕು?

೨೦೨೦ರ ಜುಲೈ ೧ರಂದು ತಮಿಳುನಾಡಿನ ನೈವೇಲಿಯಲ್ಲಿ ಬಾಯ್ಲರ್ ಸಿಡಿದಾಗ, ನಿಂತಿದ್ದ ಘಟಕವನ್ನು ಮತ್ತೆ ನಡೆಸುವ ಕೆಲಸ ಸಾಗಿತ್ತೆಂದು ವರದಿಯಾಯಿತು. ಸತ್ತವರಲ್ಲಿ ಗುತ್ತಿಗೆ ಕಾರ್ಮಿಕರೂ ಇದ್ದರು. ನಿಲ್ಲಿಸಿ ನಡೆಸುವ ಹೊತ್ತೇ ಅಪಾಯದ ಹೊತ್ತೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕಾಗಿಲ್ಲ.

ಆದುದರಿಂದ ನಮ್ಮ ಬೇಡಿಕೆ ಇಷ್ಟೆ: ಸ್ಥಾವರದ ನಿತ್ಯದ ಕೆಲಸ ಮಾಡುವವರನ್ನು ಖಾಯಂ ಮಾಡಿರಿ, ದುರಸ್ತಿಯ ಹಣವನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿರಿ. ಇದು ರಾಯಚೂರಿನವರ ಪಾಡು, ನಮಗೇನು ಎಂದು ಗಿರಣಿ ಕಾರ್ಮಿಕರಾಗಲಿ ವ್ಯಾಪಾರಿ ಮಿತ್ರರಾಗಲಿ ಸುಮ್ಮನಿರಲಾಗದು. ಅಲ್ಲಿ ಅಚ್ಚು ಬಾಗಿದರೆ ಇಲ್ಲಿ ಪಾಳಿ ನಿಲ್ಲುತ್ತದೆ, ಅಂಗಡಿ ಕತ್ತಲಾಗುತ್ತದೆ. ಹೊಸ ಅಚ್ಚಿನ ಖರ್ಚೂ ಕೊನೆಗೆ ನಮ್ಮ ಬಿಲ್ಲಿಗೇ ಬರುತ್ತದೆ. ಅಲ್ಲಿ ದುಡಿಯುವವನ ಹಕ್ಕೂ ಇಲ್ಲಿ ಉರಿಯುವ ದೀಪವೂ ಒಂದೇ ಅಚ್ಚಿನ ಮೇಲೆ ನಿಂತಿವೆ.