ಒಂದು ರನ್ನಿನ ಜಗಳಕ್ಕೆ ಮದ್ದಿಲ್ಲವೇ?

ಕ್ಲಬ್ ಮ್ಯಾಚು ಏಕಪಕ್ಷೀಯವಾದರೆ ತಂಟೆಯಿಲ್ಲ. ಸೋತವರು ಮನೆಗೆ, ಗೆದ್ದವರು ಹೋಟೆಲಿಗೆ. ಫಜೀತಿ ಇರುವುದು ಜಿದ್ದಾಜಿದ್ದಿಯ ಪಂದ್ಯದಲ್ಲಿ. ಕೊನೇ ವಿಕೆಟ್, ಬೇಕಾದ್ದು ಎರಡೇ ರನ್. ಚೆಂಡು ಪ್ಯಾಡಿಗೆ ಬಡಿಯಿತು. ಹನ್ನೊಂದು ಗಂಟಲು ಒಟ್ಟಿಗೇ ಕೂಗಿತು. ತೀರ್ಪು ಕೊಡಬೇಕಾದ ಅಂಪೈರ್ ಯಾರು? ಬ್ಯಾಟಿಂಗ್ ತಂಡದವನೇ! ಬೆರಳೆತ್ತಿದರೆ ತನ್ನವರ ಬೈಗುಳ, ಎತ್ತದಿದ್ದರೆ ಎದುರಾಳಿಗಳ ಶಾಪ. ಪಾಪ, ಅವನಾದ್ರೂ ಏನ್ ಮಾಡ್ಬೇಕ್ರೀ?

ಸರಿಯಾಗೇ ಹೇಳಿದರೂ ನಂಬುವವರಿಲ್ಲ. ದಿನವಿಡೀ ಬಿಸಿಲಲ್ಲಿ ಬೆವರು ಸುರಿಸಿದ ಆಟ ಕೈಕೈ ಮಿಲಾಯಿಸುವುದರಲ್ಲಿ ಮುಗಿಯುತ್ತದೆ. ಮಾರನೇ ದಿನದಿಂದ ಎರಡು ಕೇರಿಯ ಹುಡುಗರಿಗೆ ಮಾತುಕತೆಯಿಲ್ಲ.

ಭದ್ರಾವತಿಯ ಜಿ.ಆರ್. ವಿಶ್ವನಾಥ್ 1980ರ ಬೊಂಬಾಯಿ ಸುವರ್ಣ ಮಹೋತ್ಸವ ಟೆಸ್ಟಿನ ನಾಯಕರು. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರರನ್ನು ಅವರೇ ವಾಪಸ್ ಕರೆದರು. ಟೇಲರ್, ಬೋಥಮ್ ಜತೆಗೂಡಿ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ಸೋಲಿಗಾಗಿ ವಿಶ್ವನಾಥರನ್ನು ಹಳಿಯುವವರು ಇಂದು ಯಾರಿದ್ದಾರೆ?

ಆದರೆ ಎಲ್ಲರಿಗೂ ಆ ದೊಡ್ಡ ಮನಸ್ಸು ಬರುವುದಿಲ್ಲ. ಅದಕ್ಕೇ ವ್ಯವಸ್ಥೆ ಬೇಕು. ಇಬ್ಬರು ಅಂಪೈರ್, ಇಬ್ಬರು ಸ್ಕೋರರ್ ಇರಬೇಕೆನ್ನುವುದು ಕ್ರಿಕೆಟ್ಟಿನ ನಿಯಮ. ಅಂದು ಆಟವಿಲ್ಲದ ಮೂರನೇ ಕ್ಲಬ್ಬಿನಿಂದ ಇಬ್ಬರನ್ನು ಅಂಪೈರಿಂಗಿಗೆ ಕರೆಸಿ, ಊಟ, ಬಸ್ ಚಾರ್ಜು ಕೊಟ್ಟರೆ ಆಯ್ತು. ಅವರ ತೀರ್ಪೂ ಒಮ್ಮೊಮ್ಮೆ ತಪ್ಪೀತು. ಆದರೆ ಪಕ್ಷಪಾತ ಅನ್ನೋ ಮಾತು ಬಾರದು. ಕಪ್ಪಿಗೆ, ಶಾಮಿಯಾನಕ್ಕೆ, ಮೈಕಿಗೆ ದುಡ್ಡು ಹುಟ್ಟುತ್ತದೆ, ಇದಕ್ಕೆ ಹುಟ್ಟುವುದಿಲ್ಲವೇ? ಕ್ಲಬ್ಬುಗಳ ಹಿರಿಯರು ಮುಂದಿನ ಟಾಸ್‌ಗೆ ಮುಂಚೆಯೇ ಯೋಚಿಸಲಿ.