ಹೊಡೆದು ಬಾಯಿ ಬಿಡಿಸಿದರೆ ನ್ಯಾಯ ಸಿಕ್ಕೀತೇ?

ವರದಕ್ಷಿಣೆಗಾಗಿ ಹೆಣ್ಣೊಬ್ಬಳನ್ನು ಸುಟ್ಟರೆಂಬ ಸುದ್ದಿ ಬಂದಾಗ ಸಂಘದವರೆಲ್ಲ ಠಾಣೆಯ ಮುಂದೆ ಕೂರುತ್ತೇವೆ. ‘ಗಂಡನನ್ನು ಒಳಗೆ ಹಾಕಿ, ನಾಲ್ಕು ಬಿಟ್ಟು ಬಾಯಿ ಬಿಡಿಸಿ’ ಎಂಬ ಕೂಗೂ ಏಳುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಬೇಡಿಕೆಯಿಂದ ಸತ್ತವಳಿಗೇ ಅನ್ಯಾಯವಾಗುತ್ತದೆ.

‘ತಪ್ಪು ಮಾಡದವರು ಯಾಕೆ ಒಪ್ಪಿಕೊಳ್ಳುತ್ತಾರೆ?’ ಎಂದು ಕೇಳುವವರಿದ್ದಾರೆ. ಉತ್ತರ ನಮ್ಮ ಮನೆಗಳಲ್ಲೇ ಇದೆ. ಗಂಡ, ಅತ್ತೆ, ಮೈದುನ ಸುತ್ತ ನಿಂತು ‘ಸರ ಕದ್ದವಳು ನೀನೇ, ಒಪ್ಪಿಕೋ’ ಎಂದು ರಾತ್ರಿಯಿಡೀ ಪೀಡಿಸಿದಾಗ, ಅಳುವ ಮಗುವಿಗೆ ಹಾಲು ಕೊಡಲೂ ಬಿಡದಿದ್ದಾಗ, ‘ಹೌದು, ನಾನೇ’ ಎಂದುಬಿಟ್ಟ ಸೊಸೆಯರು ಎಷ್ಟು ಮಂದಿ ಇಲ್ಲ? ಈ ಗಳಿಗೆ ಮುಗಿದರೆ ಸಾಕು, ನಿಜ ನಾಳೆ ತಾನಾಗಿ ಹೊರಬರುತ್ತದೆ ಎಂಬ ಆಸೆ ಅವರದು.

ಠಾಣೆಯಲ್ಲಿ ನಡೆಯುವುದೂ ಇದೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ಯಾಸಿನ್ ಮತ್ತು ರೈಟ್ಸ್‌ಮನ್ 1985ರಲ್ಲಿ ಸುಳ್ಳು ತಪ್ಪೊಪ್ಪಿಗೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಕೆಲವರು ತಾವಾಗಿಯೇ ಬಂದು ಒಪ್ಪಿಕೊಳ್ಳುತ್ತಾರೆ. ಕೆಲವರು ಹಿಂಸೆಯಿಂದ ಪಾರಾಗಲು ಒಪ್ಪುತ್ತಾರೆ. ಇನ್ನು ಕೆಲವರು ಪದೇ ಪದೇ ಹೇಳಿಸಿಕೊಂಡು, ‘ನಾನೇ ಮಾಡಿರಬೇಕು’ ಎಂದು ನಂಬಿಯೇ ಬಿಡುತ್ತಾರೆ. ಇದಕ್ಕೆ ಲಾಠಿಯೇ ಬೇಕೆಂದಿಲ್ಲ. ನಿದ್ದೆಗೆಡಿಸುವುದು, ಒಂಟಿಯಾಗಿ ಕೂರಿಸುವುದು, ‘ಸಾಕ್ಷಿ ಸಿಕ್ಕಿದೆ’ ಎಂದು ಸುಳ್ಳು ಹೇಳುವುದು, ‘ಒಪ್ಪಿದರೆ ಮನೆಗೆ ಬಿಡುತ್ತೇವೆ’ ಎಂದು ಆಸೆ ತೋರಿಸುವುದು, ಇಷ್ಟೇ ಸಾಕು. ಮಕ್ಕಳು, ಬುದ್ಧಿ ಬೆಳವಣಿಗೆ ಕುಂಠಿತವಾದವರು ಬೇಗ ಸೋಲುತ್ತಾರೆ.

ಹೀಗೆ ಪಡೆದ ತಪ್ಪೊಪ್ಪಿಗೆಯಿಂದ ಹೆಣ್ಣುಮಕ್ಕಳಿಗೆ ಏನಾಯಿತೆಂಬುದಕ್ಕೆ ನ್ಯೂಯಾರ್ಕಿನ ಪ್ರಕರಣವೊಂದನ್ನು ನೋಡಿ. 1989ರ ಏಪ್ರಿಲ್ 19ರ ರಾತ್ರಿ ಅಲ್ಲಿನ ಸೆಂಟ್ರಲ್ ಪಾರ್ಕಿನಲ್ಲಿ ಓಡುತ್ತಿದ್ದ ಯುವತಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿ, ಸಾಯುವಂತೆ ಹೊಡೆದು ಹೋಗಿದ್ದರು. ಊರಿಗೆ ಊರೇ ಕೆರಳಿತು. ಪೊಲೀಸರು 14ರಿಂದ 16 ವರ್ಷದ ಐದು ಮಂದಿ ಕರಿಯ ಮತ್ತು ಲ್ಯಾಟಿನೋ ಹುಡುಗರನ್ನು ಗಂಟೆಗಟ್ಟಲೆ ಕೂರಿಸಿ ತಪ್ಪೊಪ್ಪಿಸಿದರು. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಿರಲಿಲ್ಲ. ಸಿಕ್ಕಿದ ವೀರ್ಯ ಅವರಲ್ಲಿ ಯಾರದ್ದೂ ಆಗಿರಲಿಲ್ಲ. ಆದರೂ ಐವರೂ ಜೈಲು ಸೇರಿದರು. ಆದರೆ ನಿಜವಾದ ಅತ್ಯಾಚಾರಿ ಊರಲ್ಲೇ ಇದ್ದ. ಅದೇ ಬೇಸಿಗೆಯಲ್ಲಿ ಇನ್ನೂ ಕೆಲವು ಹೆಂಗಸರ ಮೇಲೆ ಬಿದ್ದ, ಒಬ್ಬ ಬಸುರಿಯನ್ನು ಕೊಂದ. 2002ರಲ್ಲಿ ಅವನೇ ಒಪ್ಪಿಕೊಂಡ, ಡಿ.ಎನ್.ಎ. ಹೊಂದಿತು, ಐವರ ಶಿಕ್ಷೆ ರದ್ದಾಯಿತು. ಸತ್ತ ಆ ಬಸುರಿ ಮಾತ್ರ ತಿರುಗಿ ಬರಲಿಲ್ಲ.

ನಮ್ಮ ದೇಶದಲ್ಲೂ ಇಂಥದು ಆಗಿದೆ. 2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾಯಿತು. ಅಂದೇ ಶಾಲಾ ಬಸ್ಸಿನ ಕಂಡಕ್ಟರನನ್ನು ಪೊಲೀಸರು ಹಿಡಿದರು. ಆತ ಕ್ಯಾಮೆರಾ ಮುಂದೆಯೇ ‘ನಾನೇ ಕೊಂದೆ’ ಎಂದ. ಹೊಡೆದು ಹಾಗೆ ಹೇಳಿಸಿದರೆಂದು ಆತ ನಂತರ ದೂರಿದ. ಸಿ.ಬಿ.ಐ. ತನಿಖೆ ನಡೆಸಿ ಅದೇ ಶಾಲೆಯ ಹಿರಿಯ ವಿದ್ಯಾರ್ಥಿಯ ಮೇಲೆ ಆರೋಪ ಹೊರಿಸಿತು. 2018ರಲ್ಲಿ ಕಂಡಕ್ಟರನನ್ನು ನ್ಯಾಯಾಲಯ ಪ್ರಕರಣದಿಂದ ಕೈಬಿಟ್ಟಿತು.

ಇಂಥ ಮೋಸ ಕಾನೂನಿಗೂ ಗೊತ್ತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯಿದೆಯ 25ನೆಯ ಕಲಮೇ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮೂ ಅದನ್ನೇ ಹೇಳುತ್ತದೆ. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ, ಯಾರಿಗೂ ಬಲವಂತದಿಂದ ಮಂಪರು ಪರೀಕ್ಷೆ ಮಾಡಬಾರದೆಂದು ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪಿತ್ತಿತು. ಹೀಗಿರುವಾಗ ಹೊಡೆತದ ಮೇಲೆ ಕಟ್ಟಿದ ಕೇಸು ಕೋರ್ಟಿನಲ್ಲಿ ನಿಲ್ಲುವುದು ಹೇಗೆ? ಗಂಡ ಮೀಸೆ ತಿರುವುತ್ತಾ ಹೊರಬರುತ್ತಾನೆ.

ವರದಕ್ಷಿಣೆ ಸಾವಿನ ಪ್ರಕರಣಕ್ಕೆ ಅವನ ತಪ್ಪೊಪ್ಪಿಗೆಯೇ ಬೇಕಿಲ್ಲ. ಮದುವೆಯಾಗಿ ಏಳು ವರ್ಷದೊಳಗೆ ಅಸಹಜವಾಗಿ ಸತ್ತಿದ್ದರೆ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಕೊಟ್ಟದ್ದು ರುಜುವಾತಾದರೆ, ಸಾವಿಗೆ ಅವರೇ ಕಾರಣರೆಂದು ನ್ಯಾಯಾಲಯ ಭಾವಿಸಬೇಕು. ಅದಕ್ಕೆ ಬೇಕಾದದ್ದು ಅವಳು ಬರೆದ ಕಾಗದ, ಫೋನಿನ ಸಂದೇಶ, ಕೊಟ್ಟ ಹಣದ ಚೀಟಿ, ಅಕ್ಕಪಕ್ಕದವರ ಹೇಳಿಕೆ, ಸರಿಯಾಗಿ ದಾಖಲಾದ ಮರಣ ಹೇಳಿಕೆ, ಮರಣೋತ್ತರ ವರದಿ. ಇವನ್ನು ಕೂಡಿಹಾಕಲು ದುಡಿಯಬೇಕು. ಲಾಠಿ ಎತ್ತುವುದು ಸುಲಭ, ಆದ್ದರಿಂದಲೇ ತನಿಖೆಯ ಸೋಮಾರಿತನಕ್ಕೆ ಅದು ಹೊದಿಕೆಯಾಗುತ್ತದೆ.

ಇನ್ನೊಂದು ಮಾತು. ಇಂದು ಅವನ ಮೇಲೆ ಏಳುವ ಲಾಠಿ ನಾಳೆ ನಮ್ಮ ಮೇಲೂ ಏಳುತ್ತದೆ. ಒಡವೆ ಕಳೆದ ಮನೆಯ ಕೆಲಸದಾಕೆಯನ್ನು ಠಾಣೆಗೆ ಎಳೆದೊಯ್ದರೆ ಅವಳ ಪರ ಯಾರಿದ್ದಾರೆ? ಅಂಥ ಸಮಯದಲ್ಲಿ ಸಂಘದವರು ಹೋಗಬೇಕು. ಸಾಕ್ಷಿಯಾಗಿ ವಿಚಾರಿಸುವುದಾದರೆ ಹೆಂಗಸನ್ನು ಅವಳ ಮನೆಯಲ್ಲೇ ವಿಚಾರಿಸಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಸಾಮಾನ್ಯವಾಗಿ ಹೆಂಗಸನ್ನು ಬಂಧಿಸುವಂತಿಲ್ಲ. ತನ್ನ ಮೇಲೆ ಅಪರಾಧ ಬರುವಂಥ ಪ್ರಶ್ನೆಗೆ ಸುಮ್ಮನಿರುವ ಹಕ್ಕು, ವಕೀಲರನ್ನು ಕಾಣುವ ಹಕ್ಕು ಅವಳಿಗಿದೆ. 1978ರಲ್ಲಿ ನಂದಿನಿ ಸತ್ಪತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಪುಕ್ಕಟೆ ವಕೀಲರು ಸಿಗುತ್ತಾರೆ.

ಆದ್ದರಿಂದ ಗೆಳತಿಯರೇ, ಮುಂದಿನ ಸಲ ಠಾಣೆಯ ಮುಂದೆ ಕೂತಾಗ ನಮ್ಮ ಕೂಗು ಬದಲಾಗಲಿ. ‘ಬಾಯಿ ಬಿಡಿಸಿ’ ಎನ್ನುವುದು ಬೇಡ. ‘ಮಹಜರು ಮಾಡಿದಿರಾ? ನೆರೆಯವರನ್ನು ಕೇಳಿದಿರಾ? ಕಾಗದಪತ್ರ ವಶಪಡಿಸಿಕೊಂಡಿರಾ?’ ಎಂದು ಒಕ್ಕೊರಲಿನಿಂದ ಕೇಳೋಣ. ಉತ್ತರ ಬರುವ ತನಕ ಏಳದಿರೋಣ.